ಮಿರಗದ ಮಳೆಗೆ ನಳ ‘ಜುಂ’ ಅನ್ನುತ್ತಿದೆಯಾ? ದೋಷ ಹುಡುಕುವ ದಾರಿ

ಮೊದಲು ಗೊತ್ತಾಗಿದ್ದು ಎಮ್ಮೆಗೆ.

ಮಿರಗದ (ಮೃಗಶಿರಾ) ಮಳೆ ಹಿಡಿದು ಎರಡು ದಿನ ಆಗಿತ್ತು. ಪಕ್ಕದ ಮನೆ ಕಾಕಾನ ಎಮ್ಮೆ ಬಾನಿಯ ಹತ್ತಿರ ಹೋಗುತ್ತಿತ್ತು, ನೀರಿಗೆ ಮೂತಿ ಇಡುತ್ತಿತ್ತು, ಥಟ್ಟನೆ ತಲೆ ಎತ್ತಿ ಹಿಂದೆ ಸರಿಯುತ್ತಿತ್ತು. ಅದೇ ನೀರನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಇಟ್ಟರೆ ಗಟಗಟ ಕುಡಿಯುತ್ತಿತ್ತು. ದೃಷ್ಟಿ ಆಗಿದೆ ಅಂತ ಕಾಕು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗೆದರು. ಕಾಕಾ ದನದ ಡಾಕ್ಟರನ್ನು ಕರೆಸುವ ಮಾತಾಡಿದರು. ಮೂರನೇ ದಿನ ಬೆಳಿಗ್ಗೆ ಜಳಕಕ್ಕೆ ನೀರು ಹಿಡಿಯಲು ಹೋದ ಕಾಕು ಕೈ ಝಾಡಿಸುತ್ತಾ ಹೊರಗೆ ಬಂದರು.

“ಏ ತಮ್ಮಾ, ನಳ ಮುಟ್ಟಿದ್ರ ಕೈ ಜುಂ ಅಂತೈತಿ ನೋಡ. ಮಳಿಗಾಲದಾಗ ಗ್ವಾಡಿಗಿ ಕರೆಂಟ್ ಇಳಿಯೂದ ಅಲ್ಲ?”

ಬಾಗಲಕೋಟೆ, ವಿಜಯಪುರ ಕಡೆ ಈ ಮಾತು ಎಲ್ಲ ಊರಲ್ಲೂ ಇದೆ. ಮಳೆಗಾಲದಲ್ಲಿ ಗೋಡೆಗೆ ಕರೆಂಟು ಬರುವುದು ಸಹಜ ಅಂತ ನಾವೆಲ್ಲ ಒಪ್ಪಿಕೊಂಡು ಬಿಟ್ಟಿದ್ದೇವೆ. ಅದು ಸಹಜ ಅಲ್ಲ. ಮಳೆ ತನ್ನ ಜೊತೆ ಕರೆಂಟು ತರುವುದಿಲ್ಲ. ಎಲ್ಲೋ ಬಿರಿದ ವೈರು, ಎಲ್ಲೋ ಕಡಿದ ಅರ್ಥಿಂಗ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿ) ಮೊದಲೇ ಇರುತ್ತದೆ. ನೆಲ, ಗೋಡೆ, ನಮ್ಮ ಪಾದ ಎಲ್ಲ ಒಣಗಿದ್ದಾಗ ಅದು ಗೊತ್ತಾಗುವುದಿಲ್ಲ. ಹಸಿಯಾದ ಕೂಡಲೇ ಗೊತ್ತಾಗುತ್ತದೆ. ಜುಂ ಅಂದಾಗಲೇ ಹುಡುಕಿದರೆ ಬದುಕು. ರೂಢಿ ಮಾಡಿಕೊಂಡರೆ ಒಂದು ದಿನ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ.

ನಮ್ಮದು ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರ. ನಾವು ಸುಮ್ನೆ ಆರ್‌ಸಿ ಅನ್ನುತ್ತೇವೆ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸುವ ಯೋಜನೆಗೆ ಮುಳುಗಿದ ಊರುಗಳ ಜನ ಬಾಗಲಕೋಟೆ ಜಿಲ್ಲೆಯ ತುಂಬ ಹೀಗೆ ಸಾಲು ಮನೆ ಕಟ್ಟಿಕೊಂಡಿದ್ದಾರೆ. ಒಂದೇ ಕಾಲಕ್ಕೆ ಕಟ್ಟಿದ ಮನೆಗಳು, ಒಂದೇ ಕಾಲದ ವೈರಿಂಗ್. ಈಗ ಎಲ್ಲವೂ ಒಟ್ಟಿಗೆ ಹಳೆಯದಾಗುತ್ತಿವೆ. ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಹೊರಗಿನ ವೈರಿನ ಪ್ಲಾಸ್ಟಿಕ್ ಬಿರುಸಾಗಿ ಸೀಳುತ್ತದೆ. ಅದಕ್ಕೇ ನಮ್ಮ ಓಣಿಯಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ನಿಮ್ಮ ಓಣಿಯಲ್ಲೂ ಹೆಚ್ಚು ಕಡಿಮೆ ಇದೇ ಇರಬಹುದು.

ಮೊದಲು ಮಾಡಬೇಕಾದದ್ದು

ಜುಂ ಅಂದಿದ್ದು ಹೌದೋ ಅಲ್ಲವೋ ಅಂತ ಮತ್ತೆ ಮುಟ್ಟಿ ನೋಡಬೇಡಿ. ಮನೆಯವರನ್ನೆಲ್ಲ ಕರೆದು ‘ನೀನೂ ಮುಟ್ಟಿ ನೋಡು’ ಅನ್ನುವುದು ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಬೇಡ. ಮೊದಲ ಸಲ ನೀವು ಚಪ್ಪಲಿ ಹಾಕಿದ್ದಿರಬಹುದು. ಎರಡನೇ ಸಲ ಮುಟ್ಟುವ ಮಗು ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತದೆ.

ಕೈ ಒರೆಸಿಕೊಳ್ಳಿ. ರಬ್ಬರ್ ಚಪ್ಪಲಿ ಹಾಕಿಕೊಂಡು ಒಣ ಹಲಗೆಯ ಮೇಲೆ ನಿಂತು ಮೇನ್ ಸ್ವಿಚ್ ಇಳಿಸಿ. ಮೀಟರ್ ಬೋರ್ಡ್ ಇರುವ ಗೋಡೆಯೇ ಸೋರಿ ಹಸಿಯಾಗಿದ್ದರೆ ಅದನ್ನೂ ಮುಟ್ಟಬೇಡಿ, ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್‌ಮನ್‌ನನ್ನು ಕರೆಯಿರಿ. ನೀರು ಒಂದೇ ಬೋರಿನಿಂದ ಬರುತ್ತಿದ್ದರೆ ಆ ಬೋರಿನ ಎಲ್ಲ ಮನೆಗಳಿಗೂ ಹೇಳಿ. ದನಗಳನ್ನು ಕಬ್ಬಿಣದ ಪೈಪು, ತಗಡು, ಕಂಬದಿಂದ ದೂರ ಕಟ್ಟಿ.

ಮುಂದಿನ ಹುಡುಕಾಟದಲ್ಲಿ ನಿಮ್ಮ ಕೆಲಸ ನೋಡುವುದು, ಬರೆದಿಡುವುದು, ಸ್ವಿಚ್ ಇಳಿಸುವುದು ಇಷ್ಟೇ. ಬೋರ್ಡ್ ಬಿಚ್ಚುವುದು, ಅಳೆಯುವುದು ವೈರ್‌ಮನ್ ಕೆಲಸ.

ಒಂದು ಮಾತು ಟೆಸ್ಟರ್ ಬಗ್ಗೆ. ಟೆಸ್ಟರ್ ದೀಪ ಹತ್ತಿದರೆ ಅಲ್ಲಿ ಏನೋ ಇದೆ ಅಂತಷ್ಟೇ ಅರ್ಥ. ಎಷ್ಟಿದೆ, ಎಲ್ಲಿಂದ ಬಂತು ಅದು ಹೇಳುವುದಿಲ್ಲ. ಹತ್ತದಿದ್ದರೆ ಏನೂ ಇಲ್ಲ ಅಂತಲೂ ಅಲ್ಲ. ದಪ್ಪ ರಬ್ಬರ್ ಬೂಟು ಹಾಕಿ ಒಣ ಹಲಗೆಯ ಮೇಲೆ ನಿಂತವನ ಕೈಯಲ್ಲಿ ಟೆಸ್ಟರ್ ಮಂಕಾಗುತ್ತದೆ. ಹತ್ತಲಿ ಅಂತ ಬರಿಗಾಲಲ್ಲಿ ನಿಂತು ಹಿಡಿಯುವವರನ್ನು ನಾನು ನೋಡಿದ್ದೇನೆ. ಅದು ಜೀವದ ಜೊತೆ ಆಟ. ಮಲ್ಟಿಮೀಟರ್ (ವೋಲ್ಟ್ ಎಷ್ಟು ಅಂತ ಅಳೆದು ತೋರಿಸುವ ಮೀಟರ್) ಇರುವ ವೈರ್‌ಮನ್‌ನನ್ನೇ ಕರೆಯಿರಿ.

ಶಾಕ್ ಒಂದು ಮನೆಯಲ್ಲಿ, ದೋಷ ಇನ್ನೊಂದು ಮನೆಯಲ್ಲಿ

ಐಟಿಐ ಓದಿದ ನಮ್ಮ ಊರಿನ ವೈರಿಂಗ್ ಹುಡುಗ ಬಂದ. ಬಂದವನು ಮೊದಲು ಕೇಳಿದ್ದು, “ಯಾವ ಹೊತ್ನ್ಯಾಗ ಹೊಡೀತೈತ್ರಿ ಕಾಕಾ?”

ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ ಅಂತ ಕಾಕಾ ಹೇಳಿದರು. ಎಮ್ಮೆ ಬೆಳಿಗ್ಗೆ 6ಕ್ಕೆ ಹೆದರಿ ಸರಿಯಿತು, ಮಧ್ಯಾಹ್ನವೂ ಹೆದರಿತು, ಸಂಜೆ 5ಕ್ಕೆ ಬಿಟ್ಟಾಗ ಅದೇ ಬಾನಿಯಲ್ಲಿ ಕುಡಿದಿತ್ತು. ನಾವು ಅದನ್ನು ಎಮ್ಮೆಯ ಹಟ ಅಂದುಕೊಂಡಿದ್ದೆವು. ಹುಡುಗ ಅದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ. ನಿಮಗೂ ಇದೇ ಹೇಳುತ್ತೇನೆ. ಯಾವ ಹೊತ್ತು, ಮಳೆ ಇತ್ತೋ ಬಿಸಿಲೋ, ಮೋಟಾರು ನಡೆಯುತ್ತಿತ್ತೋ, ಯಾರ ಮನೆಯಲ್ಲಿ ಏನು ಹಚ್ಚಿತ್ತು ಎಂದು ಬರೆದಿಡಿ. ಬಿಟ್ಟು ಬಿಟ್ಟು ಬರುವ ಶಾಕ್ ಯಾವುದೋ ಒಂದು ಸಾಮಾನಿನ ಜೊತೆ ಬರುತ್ತದೆ, ಅದರ ಜೊತೆಯೇ ಹೋಗುತ್ತದೆ.

ಆಮೇಲೆ ಅವನು ಹಸಿ ಮಣ್ಣಿಗೆ ಒಂದು ಕಬ್ಬಿಣದ ಸರಳು ಹೊಡೆದ. ಮಲ್ಟಿಮೀಟರ್‌ನ ಒಂದು ತುದಿ ಆ ಸರಳಿಗೆ, ಇನ್ನೊಂದು ಕಾಕಾನ ಮನೆಯ ನಳಕ್ಕೆ. 80 ವೋಲ್ಟಿನ ಆಸುಪಾಸು ತೋರಿಸಿತು. ಕಾಕಾನ ಮೇನ್ ಇಳಿಸಿದೆವು. ಮೀಟರ್ ಕದಲಲಿಲ್ಲ. ಮನೆಗೆ ಕರೆಂಟೇ ಇಲ್ಲ, ನಳದಲ್ಲಿ ಮಾತ್ರ ಇದೆ! ಕಾಕು ಗಾಬರಿಯಾದರು. ನಿಜವಾಗಿ ಅದು ಒಳ್ಳೆಯ ಸುಳಿವು. ಮೇನ್ ಇಳಿಸಿದ ಮೇಲೂ ಉಳಿದರೆ ಅದು ಆ ಮನೆಯ ವೈರಿಂಗ್‌ನದಲ್ಲ, ಹೊರಗಿನಿಂದ ಬರುತ್ತಿದೆ.

ಬೋರು ನಾಲ್ಕು ಮನೆಗೆ ಒಂದೇ. ಮೀಟರ್ ಹಚ್ಚಿಕೊಂಡೇ ಒಬ್ಬೊಬ್ಬರ ಮೇನ್ ಇಳಿಸುತ್ತಾ ಹೋದೆವು. ಮೂಲೆ ಮನೆ ಇಳಿಸಿದಾಗ ಹಾಗೇ ಇತ್ತು. ಅದರ ಮುಂದಿನದು ಇಳಿಸಿದರೂ ಹಾಗೇ. ನಮ್ಮ ಮನೆಯದು ಇಳಿಸಿದ ಕೂಡಲೇ ಸೊನ್ನೆ.

ದೋಷ ನಮ್ಮದೇ ಮನೆಯದು. ನಮಗೆ ಒಂದು ದಿನವೂ ಶಾಕ್ ಹೊಡೆದಿರಲಿಲ್ಲ. ಕಾಕು ಬಚ್ಚಲಲ್ಲಿ ಬರಿಗಾಲಲ್ಲಿ ನಿಂತು ನಮ್ಮ ಮನೆಯ ಕರೆಂಟು ಮುಟ್ಟುತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೇನ್ ಮತ್ತೆ ಹಾಕಿ, ಒಳಗಿನ ಎಂಸಿಬಿಗಳನ್ನೆಲ್ಲ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚುಗಳು) ಇಳಿಸಿ ಒಂದೊಂದೇ ಎತ್ತಿದೆವು. ಲೈಟಿನದು ಎತ್ತಿದಾಗ ಸೊನ್ನೆ. ಅಡುಗೆಮನೆಯದೂ ಸೊನ್ನೆ. ಪಡಸಾಲೆಯ ಪ್ಲಗ್ಗಿನ ಎಂಸಿಬಿ ಎತ್ತಿದಾಗ 80 ಬಂತು. ಆ ಸಾಲಿನಲ್ಲಿ ಇದ್ದದ್ದು ಟಿವಿ ಮತ್ತು ಕೂಲರ್. ಕೂಲರ್ ಪ್ಲಗ್ ಕಿತ್ತೆವು, ಹೋಯಿತು. ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಕೂತ ತಗಡಿನ ಕೂಲರ್ ಅದು. ರಾತ್ರಿಯಿಡೀ ಹಚ್ಚಿ ಬೆಳಿಗ್ಗೆ 7ಕ್ಕೆ ಆರಿಸುತ್ತೇವೆ, ಮಧ್ಯಾಹ್ನ ಕುದಿ ತಾಳದೆ ಮತ್ತೆ ಹಚ್ಚುತ್ತೇವೆ. ಸಂಜೆ ಬಂದ್. ಎಮ್ಮೆಯ ಹೊತ್ತಿಗೂ ಕೂಲರ್ ಹೊತ್ತಿಗೂ ತಾಳೆ ಆಯಿತು.

ಪೈಪಿಗೆ ಕರೆಂಟು ಹೋಗಿದ್ದು ಹೇಗೆ

ಕೂಲರ್ ಒಳಗೆ ನೀರೆತ್ತುವ ಸಣ್ಣ ಪಂಪಿನ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. ಬಿಸಿಲಿಗೆ ಬಿರುಸಾದ ಪ್ಲಾಸ್ಟಿಕ್ಕು ಅಲ್ಲೇ ಸೀಳಿತ್ತು. ಎರಡು ದಿನದ ಮಳೆ ಗಾಳಿಯ ಜೊತೆ ಒಳಗೆ ನುಗ್ಗಿ ಆ ಜಾಗ ನೆನೆಯಿತು. ಕೂಲರ್ ಮೈಗೆ ಕರೆಂಟು ಬಂತು.

ಮೈಗೆ ಬಂದ ಕರೆಂಟನ್ನು ಭೂಮಿಗೆ ಇಳಿಸಲೆಂದೇ ಪ್ಲಗ್ಗಿನಲ್ಲಿ ಮೂರನೇ ದಪ್ಪ ಪಿನ್ನು ಇರುತ್ತದೆ. ಅದರ ಹಸಿರು ವೈರು ಅರ್ಥಿಂಗ್ ಗುಂಡಿಗೆ ಹೋಗಬೇಕು. ನಮ್ಮ ಮನೆ ಕಟ್ಟುವಾಗ ಗುಂಡಿ ತೋಡುವ ಖರ್ಚು ಉಳಿಸಲು ಆ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಬಿಗಿದಿದ್ದರು. ಆಗ ಆ ಪೈಪು ನೆಲದೊಳಗೆ ಹೋಗಿ ಬೋರಿನ ಕೇಸಿಂಗ್‌ವರೆಗೂ ಕಬ್ಬಿಣವೇ ಆಗಿತ್ತು. ಸರಿಯಾದ ಪದ್ಧತಿ ಅಲ್ಲದಿದ್ದರೂ ಹೇಗೋ ನಡೆದಿತ್ತು. ಹೋದ ದಸರೆಯ ಹೊತ್ತಿಗೆ ಆ ಪೈಪು ತುಕ್ಕು ಹಿಡಿದು ಸೋರಿತು. ಬೋರಿನಿಂದ ನಮ್ಮ ಗೋಡೆಯವರೆಗೆ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ನಮ್ಮ ಬಚ್ಚಲಿನ ಪೈಪು, ನಳ ಕೂಡ ಪ್ಲಾಸ್ಟಿಕ್ ಆದವು. ಕಾಂಪೌಂಡ್ ಗೋಡೆಯ ಮೇಲೆ ಹಾದು ಕಾಕಾನ ಬಾನಿಗೂ ಬಚ್ಚಲಿಗೂ ಹೋಗುವ ತುಂಡು ಮಾತ್ರ ಹಳೆಯ ಕಬ್ಬಿಣವೇ ಉಳಿಯಿತು.

ಅಂದರೆ ನಮ್ಮ ಅರ್ಥಿಂಗ್ ಅವತ್ತೇ ಸತ್ತಿತ್ತು. ನಮಗೆ ಅದು ಗೊತ್ತಿರಲಿಲ್ಲ. ಹಸಿರು ವೈರು ಈಗ ಭೂಮಿಗೆ ಮುಟ್ಟದೆ ಗೋಡೆಯ ಮೇಲೆ ನೇತಾಡುವ ಒಂದು ಪೈಪಿಗೆ ಕಟ್ಟಿತ್ತು. ಆ ಪೈಪಿನ ಇನ್ನೊಂದು ತುದಿ ಎಮ್ಮೆಯ ಬಾನಿಯ ನೀರಿನಲ್ಲಿ ಮುಳುಗಿತ್ತು. ಕಾಪಾಡಬೇಕಾದ ವೈರೇ ಕರೆಂಟನ್ನು ಪಕ್ಕದ ಮನೆಗೆ ಒಯ್ದು ಮುಟ್ಟಿಸಿತು.

ಎಮ್ಮೆಗೆ ಮೊದಲು ಗೊತ್ತಾದದ್ದೂ ಅದಕ್ಕೇ. ನಾಲ್ಕು ಬರಿಗಾಲು ಹಸಿ ನೆಲದಲ್ಲಿ, ಒದ್ದೆ ಮೂತಿ ನೀರಿನಲ್ಲಿ. ಚಪ್ಪಲಿ ಹಾಕಿದ ನಮಗೆ ತಿಳಿಯದಷ್ಟು ಸಣ್ಣ ವೋಲ್ಟೇಜೂ ದನಕ್ಕೆ ತಟ್ಟುತ್ತದೆ. ನಿಮ್ಮ ದನ ಬಾನಿಯಲ್ಲಿ ಕುಡಿಯದೆ ಬಕೆಟ್‌ನಲ್ಲಿ ಕುಡಿದರೆ, ಡಾಕ್ಟರಿಗೆ ಹೇಳುವುದರ ಜೊತೆಗೆ ವೈರ್‌ಮನ್‌ಗೂ ಹೇಳಿ.

ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟೆಲ್ಲ ಆದರೂ ನಮ್ಮ ಎಂಸಿಬಿ ಯಾಕೆ ಬೀಳಲಿಲ್ಲ? ಬಹಳ ಜನ ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಕೆಟ್ಟ ಅರ್ಥಿಂಗ್ ಗುಂಡಿಯ ತಡೆ 50 ಓಮ್ ಅಂತ ಇಟ್ಟುಕೊಳ್ಳೋಣ. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ಪ್ಲಗ್ಗಿಗೆ ಹಾಕುವ 16 ಆಂಪಿಯರ್ ಎಂಸಿಬಿಗೆ ಇದು ಒಂದು ಇಸ್ತ್ರಿ ಪೆಟ್ಟಿಗೆ ನಡೆದ ಹಾಗೆ. ಅದು ಯಾಕೆ ಬೀಳಬೇಕು? ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತದೆ. ನಡುವೆ ಎಲ್ಲೋ 30 ಮಿಲಿ ಆಂಪಿಯರ್, ಅಂದರೆ 0.03 ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಕೊಳ್ಳುವಾಗ ಅದರ ಮೇಲೆ 30 ಮಿಲಿ ಆಂಪಿಯರ್ ಅಂತ ಇರಲೇಬೇಕು. 100, 300ರವು ಬೆಂಕಿ ತಡೆಯಲು ಹಾಕುವಂಥವು. ಮನುಷ್ಯನ ಜೀವಕ್ಕೆ ಅವು ತಡವಾಗುತ್ತವೆ. ನಮ್ಮ ಮನೆಯಲ್ಲಿ ಆಗ ಆರ್‌ಸಿಸಿಬಿ ಇರಲಿಲ್ಲ.

ಎರೆ ಮಣ್ಣಿನಲ್ಲಿ ಅರ್ಥಿಂಗ್

ಕೂಲರ್ ಪಂಪು ಬದಲಿಸುವುದು ಅರ್ಧ ಗಂಟೆಯ ಕೆಲಸ. ಅರ್ಥಿಂಗ್ ಸರಿ ಮಾಡಲು ಎರಡು ದಿನ ಹಿಡಿಯಿತು. ಇದರಲ್ಲಿ ನಮ್ಮ ಮಣ್ಣಿನ ಗುಣವೇ ಮುಖ್ಯ.

ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ನೀವೂ ನೋಡಿದ್ದೀರಿ, ಅಲ್ವಾ? ಅದೇ ಬಿರುಕು ಅರ್ಥಿಂಗ್ ಪೈಪಿನ ಸುತ್ತಲೂ ಬೀಳುತ್ತದೆ. ಮಣ್ಣು ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಹಸಿಯಿದ್ದಾಗ ಎರೆ ಮಣ್ಣಿನಷ್ಟು ಒಳ್ಳೆಯ ಅರ್ಥಿಂಗ್ ಬೇರೆ ಸಿಗುವುದು ಕಷ್ಟ. ಪೂರ್ತಿ ಒಣಗಿದರೆ ಅದೇ ಗುಂಡಿ ಇದ್ದೂ ಇಲ್ಲದ ಹಾಗೆ. ಜನವರಿಯಲ್ಲಿ ಅಳೆದು ಚೆನ್ನಾಗಿದೆ ಅಂದ ಗುಂಡಿ ಮೇ ತಿಂಗಳಲ್ಲಿ ಕೈಕೊಡುತ್ತದೆ. ಅಳೆಯುವುದಾದರೆ ಮೇ ಕೊನೆಯಲ್ಲಿ, ಮಳೆ ಬೀಳುವ ಮೊದಲು ಅಳೆಸಿ. ಆಗ ಸಿಗುವ ಅಂಕಿಯೇ ನಿಜವಾದ ಅಂಕಿ. ನಮ್ಮ ಹುಡುಗ 5 ಓಮ್ ಒಳಗೆ ಬರಲಿ ಅನ್ನುತ್ತಾನೆ.

ಬದಾಮಿ, ಗುಳೇದಗುಡ್ಡದ ಕಡೆ ಕೆಂಪು ಮಣ್ಣು, ಅದರ ಕೆಳಗೆ ಮರಳುಗಲ್ಲು. ಇಳಕಲ್ ಕಡೆ ಗ್ರಾನೈಟ್. ಅಲ್ಲಿ ಬಿರುಕಿನ ತೊಂದರೆ ಕಡಿಮೆ, ತೋಡುವ ತೊಂದರೆ ಜಾಸ್ತಿ. ಒಂದು ಗುಂಡಿ ಆಳಕ್ಕೆ ಇಳಿಯದಿದ್ದರೆ ದೂರ ದೂರಕ್ಕೆ ಎರಡು ಮೂರು ತೋಡಿ ತಂತಿಯಿಂದ ಜೋಡಿಸುತ್ತಾರೆ.

ನಾವು ಮಾಡಿದ್ದು ಹೀಗೆ. ಗೋಡೆಯಿಂದ 5 ಅಡಿ ದೂರ, ಬಚ್ಚಲ ನೀರು ಹರಿದು ಸದಾ ತಂಪಿರುವ ಕಡೆ ಜಾಗ ಹಿಡಿದೆವು. 8 ಅಡಿ ಆಳ ತೋಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಹರಳುಪ್ಪು ಪದರ ಪದರವಾಗಿ ತುಂಬಿದೆವು. ಮೇಲೆ ಸಣ್ಣ ಇಟ್ಟಿಗೆ ಗೂಡು, ಅದಕ್ಕೆ ಮುಚ್ಚಳ. ಫೆಬ್ರವರಿಯಿಂದ ಮಳೆಯವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು. ಉಪ್ಪು ಹಾಕಿದ ಗುಂಡಿಯಲ್ಲಿ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಲೇಬೇಕು. ಗುಂಡಿ ಚೆನ್ನಾಗಿದ್ದು ಆ ಒಂದು ಬೋಲ್ಟು ಸಡಿಲಾದರೆ ಎಲ್ಲ ವ್ಯರ್ಥ. ಮುಚ್ಚಳದ ಮೇಲೆ ಕಟ್ಟಿಗೆ, ಕುಳ್ಳು ಒಟ್ಟಬೇಡಿ. ಹಸಿರು ವೈರನ್ನು ನೀರಿನ ಪೈಪಿಗಾಗಲಿ, ಗ್ಯಾಸಿನ ಪೈಪಿಗಾಗಲಿ, ನ್ಯೂಟ್ರಲ್‌ಗಾಗಲಿ (ಕರೆಂಟು ತಿರುಗಿ ಹೋಗುವ ತಂತಿ) ಕಟ್ಟಿಸಬೇಡಿ.

ನಿಮ್ಮ ಮನೆಯ ಅರ್ಥಿಂಗ್ ಎಲ್ಲಿದೆ ಅಂತ ಈಗಲೇ ಹೋಗಿ ನೋಡಿ. ಮೀಟರ್ ಬೋರ್ಡಿನಿಂದ ತಂತಿ ಹಿಡಿದುಕೊಂಡು ಹೊರಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ನಮ್ಮ ಓಣಿಯಲ್ಲಿ ಹೀಗೆ ನೋಡಿದಾಗ ಇನ್ನೆರಡು ಮನೆಗಳದು ಪೈಪಿಗೇ ಕಟ್ಟಿತ್ತು. ಒಂದು ಮನೆಯದು ಗಚ್ಚು ಹಾಕುವಾಗ ಕಡಿದು ಗೋಡೆಯೊಳಗೇ ಉಳಿದಿತ್ತು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ

ಹೊಸದಾಗಿ ಆರ್‌ಸಿಸಿಬಿ ಹಾಕಿಸಿದವರ ದೊಡ್ಡ ತಕರಾರು ಇದು. ಮಳೆ ಬಂದರೆ ಬೀಳುತ್ತದೆ, ರಾತ್ರಿ ಕತ್ತಲೆ. ಬೇಸತ್ತು ಅದನ್ನು ಬಿಟ್ಟು ನೇರ ವೈರು ಜೋಡಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಕಳ್ಳ ಬಂದಾಗ ಬೊಗಳುವ ನಾಯಿಯನ್ನು ಕಟ್ಟಿ ಹಾಕಿದ ಹಾಗೆ ಅದು. ಬಿದ್ದಾಗ ಹುಡುಕುವ ಕ್ರಮ ಸುಲಭ.

ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದು ಎತ್ತಿದಾಗ ಬೀಳುತ್ತದೋ ಆ ಸಾಲಿನಲ್ಲೇ ದೋಷ. ಆ ಸಾಲಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಎತ್ತಿ. ಈಗ ನಿಂತರೆ ಯಾವುದೋ ಸಾಮಾನಿನದು: ಕೂಲರ್, ಗೀಸರ್, ನೀರು ಕಾಯಿಸುವ ಕಾಯಿಲ್, ಮೇವು ಕತ್ತರಿಸುವ ಮಷಿನ್. ನಿಲ್ಲದಿದ್ದರೆ ಗೋಡೆಯೊಳಗಿನ ವೈರಿಂಗ್‌ನದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಕೆಲವು ಮನೆಗಳಲ್ಲಿ ಫೇಸ್ (ಕರೆಂಟು ತರುವ ತಂತಿ) ಬದಲು ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುತ್ತಾರೆ. ಅಲ್ಲಿ ಆರಿಸಿದ ಮೇಲೂ ಸಾಮಾನಿನಲ್ಲಿ ಕರೆಂಟು ಇರುತ್ತದೆ.

ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲುವುದಿಲ್ಲವೇ? ಬಹುಪಾಲು ಎಲ್ಲೋ ನ್ಯೂಟ್ರಲ್ ವೈರು ಅರ್ಥಿಂಗಿಗೆ ಅಥವಾ ಹಸಿ ಗೋಡೆಗೆ ತಾಗಿರುತ್ತದೆ. ನಮ್ಮ ಕಡೆಯ ಎಂಸಿಬಿಗಳು ಸಾಮಾನ್ಯವಾಗಿ ಫೇಸನ್ನಷ್ಟೇ ಕಡಿಯುತ್ತವೆ. ನ್ಯೂಟ್ರಲ್ ಹಾಗೇ ಕೂಡಿರುತ್ತದೆ. ಆ ಹುಡುಕಾಟ ವೈರ್‌ಮನ್‌ಗೆ ಬಿಡಿ. ಅವನು 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯೇ ಅಂತ ಅಳೆಯುವ ಮೀಟರ್) ಹಚ್ಚಿ ನೋಡಲಿ. ವೈರಿಂಗ್‌ನ ತಡೆ 1 ಮೆಗಾಓಮ್‌ಗಿಂತ ಕೆಳಗೆ ಇಳಿದಿದ್ದರೆ ಆ ವೈರು ಬದಲಿಸುವ ಕಾಲ ಬಂದಿದೆ. ಮೆಗ್ಗರ್ ಹಚ್ಚುವ ಮೊದಲು ಟಿವಿ, ಫ್ರಿಜ್, ಎಲ್‌ಇಡಿ ಬಲ್ಬು ಎಲ್ಲ ಬಿಡಿಸಿಡಿ, ಇಲ್ಲದಿದ್ದರೆ ಸುಟ್ಟು ಹೋಗಬಹುದು.

ಇನ್ವರ್ಟರ್ ಹಾಕಿಸಿದ ದಿನದಿಂದ ಬೀಳುತ್ತಿದ್ದರೆ ದೋಷ ಮಳೆಯದಲ್ಲ. ಇನ್ವರ್ಟರ್ ಸಾಲಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ ಜೊತೆ ಕಲಸಿ ಜೋಡಿಸಿರುತ್ತಾರೆ. ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ತಿರುಗಿ ಬಂದರೆ ಆರ್‌ಸಿಸಿಬಿಗೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಬೇರೆ ಮಾಡಿಸಿ.

ಮಳೆಯಲ್ಲಷ್ಟೇ ಬಿದ್ದು ಬಿಸಿಲಿಗೆ ತಾನೇ ಸರಿಯಾದರೆ ಮನೆಯೊಳಗೆ ಹುಡುಕುತ್ತಾ ಕೂರಬೇಡಿ. ಗೇಟಿನ ಲೈಟು, ಕರೆಗಂಟೆಯ ಬಟನ್, ಮಾಳಿಗೆಯ ಸಿಂಟೆಕ್ಸಿನ ಆಟೋ ಸ್ವಿಚ್ಚು, ದನದ ಕೊಟ್ಟಿಗೆಯ ಬಲ್ಬು, ಮೋಟಾರಿನ ಕೇಬಲ್ ಜಾಯಿಂಟು ನೋಡಿ. ಅದರಲ್ಲೂ ಕೊಟ್ಟಿಗೆ. ಗಣಪತಿ ಹಬ್ಬಕ್ಕೋ ಮದುವೆಗೋ ಎಳೆದ ತೆಳು ವೈರು ಅಲ್ಲಿ ಖಾಯಂ ಆಗಿ ಉಳಿದಿರುತ್ತದೆ. ಮಾಳಿಗೆ ಮನೆಗಳಲ್ಲಿ ಇನ್ನೊಂದು ಜಾಗ ಇದೆ. ಮಣ್ಣು ಸೋರಿ ತೊಲೆ ನೆನೆದಾಗ ತೊಲೆಗೆ ಹೊಡೆದ ಹಳೆಯ ಕಟ್ಟಿಗೆ ಪಟ್ಟಿಯ ವೈರಿಂಗೂ ನೆನೆಯುತ್ತದೆ. ರೋಹಿಣಿ ಮಳೆಗೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವಾಗ ವೈರು ಇರುವ ಕಡೆ ಸೋರಿಕೆ ಇದೆಯೇ ಅಂತ ಕೆಳಗಿನಿಂದಲೂ ನೋಡಿ.

ಆರ್‌ಸಿಸಿಬಿ ಮೇಲಿನ ‘ಟಿ’ ಬಟನ್ ತಿಂಗಳಿಗೊಮ್ಮೆ ಒತ್ತಿ. ಥಟ್ ಅಂತ ಬಿದ್ದರೆ ಅದು ಜೀವಂತ ಇದೆ. ಬೀಳದಿದ್ದರೆ ಅವತ್ತೇ ಬದಲಿಸಿ. ಆ ಬಟನ್ ಅರ್ಥಿಂಗ್ ಚೆನ್ನಾಗಿದೆಯೇ ಅಂತ ಹೇಳುವುದಿಲ್ಲ, ಅದನ್ನು ಬೇರೆಯೇ ನೋಡಬೇಕು.

ಮನೆಯ ಹೊರಗೆ

ಬಟ್ಟೆ ಒಣಹಾಕುವ ಕಬ್ಬಿಣದ ತಂತಿ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಒಂದು ತುದಿ ತಗಡಿನ ಕೊಕ್ಕೆಗೆ, ಇನ್ನೊಂದು ತುದಿ ಕಂಬಕ್ಕೆ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಅದೇ ತಗಡಿನ ಅಂಚಿಗೆ ಗಾಳಿಗೆ ಉಜ್ಜುತ್ತಿರುತ್ತದೆ. ಒಂದು ದಿನ ಸವೆದು ತಾಗುತ್ತದೆ. ಸರ್ವಿಸ್ ವೈರು ಮೀಟರಿಗಿಂತ ಮೊದಲೇ ಬರುವುದರಿಂದ ಮನೆಯ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ಒದ್ದೆ ಸೀರೆ ಒಣಹಾಕಲು ಹೋದ ತಾಯಿ, ಬಿಡಿಸಲು ಹೋದ ಮಗ ಇಬ್ಬರೂ ಹೋದ ಸುದ್ದಿ ಪ್ರತಿ ಮಳೆಗಾಲ ಎಲ್ಲಿಂದಲೋ ಬರುತ್ತದೆ. ಇವತ್ತೇ ಆ ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ನಮ್ಮ ಓಣಿಯಲ್ಲಿ ಒಂದು ಸಂಜೆಯಲ್ಲಿ ಎಲ್ಲ ಮನೆಯ ತಂತಿ ಬಿಚ್ಚಿಸಿದೆವು.

ಸರ್ವಿಸ್ ವೈರು ತಗಡಿಗೆ ತಾಗುತ್ತಿದ್ದರೆ, ಬೇವು, ಹುಣಸೆಯ ಟೊಂಗೆ ಲೈನಿಗೆ ಬಡಿಯುತ್ತಿದ್ದರೆ ನೀವೇ ಕೊಡಲಿ ಹಿಡಿದು ಹತ್ತಬೇಡಿ. ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಶಾಖೆಗೆ ಬರೆದು ಕೊಡಿ, ಲೈನ್ ಬಂದ್ ಮಾಡಿಸಿ ಕಡಿಸಿ. ಕಂಬಕ್ಕೂ ಅದನ್ನು ನೆಲಕ್ಕೆ ಎಳೆದು ಬಿಗಿದ ಗೈ ತಂತಿಗೂ ದನ ಕಟ್ಟಬೇಡಿ. ಲೈನ್ ಹರಿದು ನೆಲಕ್ಕೆ ಬಿದ್ದಿದ್ದರೆ ಸತ್ತಿದೆ ಅಂತ ತಿಳಿಯಬೇಡಿ. ಹಸಿ ನೆಲದಲ್ಲಿ ಸುತ್ತಲೂ ಕರೆಂಟು ಹರಡಿರುತ್ತದೆ. ಹತ್ತಿರ ಇದ್ದವರು ಎರಡೂ ಪಾದ ಜೋಡಿಸಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಜರುಗುತ್ತಾ ದೂರ ಸರಿಯಬೇಕು. ಒಬ್ಬರು ದೂರದಲ್ಲಿ ಕಾವಲು ನಿಂತು, ಇನ್ನೊಬ್ಬರು 1912ಕ್ಕೆ ಫೋನ್ ಮಾಡಿ.

ಸಿಡಿಲಿಗೆ ಇದ್ಯಾವುದೂ ತಡೆ ಅಲ್ಲ. ಗುಡುಗು ಶುರುವಾಗುವ ಮೊದಲೇ ಟಿವಿ, ಇನ್ವರ್ಟರ್ ಪ್ಲಗ್ ಕೀಳಿ, ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬೇಡಿ. ‘ದಾಮಿನಿ’ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುವ ಸೂಚನೆ ಕೊಡುತ್ತದೆ. ಹೊಲಕ್ಕೆ ಹೋಗುವವರ ಫೋನಿಗೆ ಅದನ್ನು ಹಾಕಿ ಕೊಡಿ.

ಯಾರಾದರೂ ಅಂಟಿಕೊಂಡರೆ

ಮುಟ್ಟಬೇಡಿ. ಮೊದಲು ಮೇನ್ ಇಳಿಸಿ. ಆಗದಿದ್ದರೆ ಒಣ ಹಲಗೆ ಅಥವಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಒಣ ಬಿದಿರಿನಿಂದ ದೂಡಿ ಬಿಡಿಸಿ. ಮಳೆಯಲ್ಲಿ ನೆನೆದ ಕಟ್ಟಿಗೆ ಬೇಡ. ಅದು ಕೊಟ್ಟಿಗೆಯ ಮೂಲೆಯಲ್ಲಿ ಒಣಗಿ ನಿಂತ ಕೋಲೇ ಆಗಿರಬೇಕು. ಇದು ಮನೆಯ ಕರೆಂಟಿಗೆ ಮಾತ್ರ. ಹೈಟೆನ್ಷನ್ ಲೈನಿನ ಹತ್ತಿರ ಕೋಲೂ ಕಾಪಾಡುವುದಿಲ್ಲ.

ಬಿಡಿಸಿದ ಮೇಲೆ ಎಚ್ಚರ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಮಣ್ಣಿನಲ್ಲಿ ಹೂಳುವುದು, ಮೈ ತಿಕ್ಕುವುದು ಮಾಡುತ್ತಾ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಬಾಗಿಸದೆ, ದೊಡ್ಡವರಿಗಾದರೆ 5 ಸೆಂಟಿಮೀಟರ್ ಇಳಿಯುವಷ್ಟು ಜೋರಾಗಿ ಒತ್ತಲಿ. ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ದಣಿದರೆ ಕೈ ಬದಲಿಸಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಜೋರು ಶಾಕ್ ಹೊಡೆದವರ ಹೃದಯದ ಬಡಿತ ಆಮೇಲೂ ತಪ್ಪಬಹುದು.

ನಮ್ಮ ಸಾಲಿನ ಹದಿನಾಲ್ಕು ಮನೆಗಳಲ್ಲಿ ಈಗ ಒಂಬತ್ತಕ್ಕೆ ಸ್ವಂತ ಅರ್ಥಿಂಗ್ ಗುಂಡಿ ಇದೆ, ಆರ್‌ಸಿಸಿಬಿ ಇದೆ. ಉಳಿದ ಐದನ್ನು ಮಣ್ಣು ಮತ್ತೆ ಕಲ್ಲಾಗುವ ಮೊದಲು, ಹಿಂಗಾರಿ ಬಿತ್ತನೆ ಮುಗಿದ ಕೂಡಲೇ ತೋಡುವುದು ಅಂತ ಮಾತಾಗಿದೆ. ಕಾಕಾನ ಬಾನಿಯ ಪೈಪು ಪ್ಲಾಸ್ಟಿಕ್ ಆಯಿತು. ಎಮ್ಮೆ ಮೊದಲ ಎರಡು ದಿನ ದೂರದಿಂದಲೇ ನೋಡಿತು. ಮೂರನೇ ದಿನ ಕಾಕು ಬಾನಿಯ ಅಂಚಿಗೆ ಬೆಲ್ಲ ಸವರಿಟ್ಟರು. ಅದನ್ನು ನೆಕ್ಕಿ, ಒಂದು ಸಲ ತಲೆ ಎತ್ತಿ ಕಾದು, ಆಮೇಲೆ ಕುಡಿಯಿತು.